ಮನೆಯವರು ಪಿತೂರಿ ಸಿದ್ಧಾಂತದ ಸುಳಿಗೆ ಸಿಕ್ಕಾಗ ಏನು ಮಾಡಬೇಕು?

"ನಮ್ಮ ತಂದೆ ಓದಿದವರು, ತಿಳಿವಳಿಕೆ ಇರುವವರು. ಈಚೆಗೆ ಇಡೀ ಜಗತ್ತನ್ನು ಯಾವುದೋ ಗುಪ್ತಕೂಟ ಆಡಿಸುತ್ತಿದೆ ಎನ್ನುತ್ತಾರೆ. ಎದುರು ಹೇಳಿದರೆ ಸಿಟ್ಟಾಗುತ್ತಾರೆ. ಏನು ಮಾಡಲಿ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ತಂದೆಯ ಜಾಗದಲ್ಲಿ ಒಮ್ಮೊಮ್ಮೆ ಅಕ್ಕ ಇರುತ್ತಾಳೆ, ಗಂಡ ಇರುತ್ತಾನೆ, ಕಾಲೇಜಿಗೆ ಹೋಗುವ ಮಗ ಇರುತ್ತಾನೆ. ಕೇಳುವವರ ಸಂಕಟ ಮಾತ್ರ ಒಂದೇ: ಕಣ್ಣೆದುರೇ ಕುಳಿತಿರುವ ಮನುಷ್ಯ ಕೈಗೆ ಸಿಗದಷ್ಟು ದೂರ ಹೋಗುತ್ತಿದ್ದಾನೆ.

ಅಂಥವರ ಜೊತೆಯಲ್ಲಿ ಬದುಕುತ್ತಿರುವವರಿಗಾಗಿ ಈ ಲೇಖನ. ನಿಮ್ಮ ಬಗ್ಗೆಯೇ ನಿಮಗೆ ಅನುಮಾನವಿದ್ದರೆ ನೇರವಾಗಿ ನಾಲ್ಕನೆಯ ಹಂತಕ್ಕೆ ಹೋಗಬಹುದು.

ಶುರು ಮಾಡುವ ಮುನ್ನ

ಪಿತೂರಿ ಸಿದ್ಧಾಂತ ಎಂದರೆ, ದೊಡ್ಡ ಘಟನೆಯೊಂದರ ಹಿಂದೆ ಕೆಲವೇ ಬಲಾಢ್ಯರ ರಹಸ್ಯ ಸಂಚಿದೆ, ಹೊರಗೆ ಹೇಳುತ್ತಿರುವುದೆಲ್ಲ ಅದನ್ನು ಮುಚ್ಚಿಡುವ ನಾಟಕ ಎಂಬ ನಂಬಿಕೆ. ಆದರೆ ಸಂಚುಗಳೇ ಇಲ್ಲ ಎಂದು ದಯವಿಟ್ಟು ವಾದಿಸಬೇಡಿ. ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಿಗೀಯಲ್ಲಿ 1932ರಿಂದ 1972ರವರೆಗೆ, ಸಿಫಿಲಿಸ್ ರೋಗವಿದ್ದ 399 ಕಪ್ಪು ಜನಾಂಗದ ಪುರುಷರಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯೇ ನಿಜ ಹೇಳದೆ, ಪೆನಿಸಿಲಿನ್ ಬಂದ ಮೇಲೂ ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಎಂದು ನೋಡುತ್ತ ಕುಳಿತಿತ್ತು. "ಸರ್ಕಾರ ಜನರಿಗೆ ಹೀಗೆಲ್ಲ ಮಾಡುವುದಿಲ್ಲ" ಎಂದು ನೀವು ಹೇಳಿದ ಕೂಡಲೇ ಎದುರಿನವರು ಇಂಥದ್ದೊಂದನ್ನು ಮುಂದಿಡುತ್ತಾರೆ, ಮತ್ತು ಅಲ್ಲಿ ಅವರು ಹೇಳುವುದು ಸರಿ.

ವ್ಯತ್ಯಾಸ ಇರುವುದು ಬೇರೆಡೆ. ಟಸ್ಕಿಗೀ ಬಯಲಾದದ್ದು ಒಳಗಿದ್ದವರೊಬ್ಬರು ಮಾಹಿತಿ ಕೊಟ್ಟು, ವರದಿಗಾರ್ತಿಯೊಬ್ಬರು ಅದನ್ನು ಪರಿಶೀಲಿಸಿ ಬರೆದದ್ದರಿಂದ. ಅದಕ್ಕೆ ದಾಖಲೆ, ದಿನಾಂಕ, ಜವಾಬ್ದಾರರ ಹೆಸರು ಎಲ್ಲ ಇವೆ. ಅದಕ್ಕೊಂದು ಮೇರೆಯೂ ಇದೆ. ಆ ಅನ್ಯಾಯದಲ್ಲಿ ಜಗತ್ತಿನ ಎಲ್ಲ ವೈದ್ಯರೂ ಸೇರಿಕೊಂಡಿರಲಿಲ್ಲ. ಪಿತೂರಿ ಸಿದ್ಧಾಂತಕ್ಕೆ ಮೇರೆ ಇರುವುದಿಲ್ಲ. ಅಲ್ಲಗಳೆದ ಪತ್ರಕರ್ತನೂ ಅದರೊಳಗೆ ಸೇರುತ್ತಾನೆ, ತೀರ್ಪು ಕೊಟ್ಟ ನ್ಯಾಯಾಧೀಶನೂ ಸೇರುತ್ತಾನೆ, ಕೊನೆಗೆ "ನಿನಗೂ ಅವರೇ ತಲೆ ತಿರುಗಿಸಿದ್ದಾರೆ" ಎಂದು ನೀವೂ ಸೇರುತ್ತೀರಿ. ಸಾಕ್ಷ್ಯ ಇಲ್ಲದಿರುವುದೇ "ಎಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದಾರೆ ನೋಡು" ಎಂಬುದಕ್ಕೆ ಸಾಕ್ಷ್ಯವಾಗುತ್ತದೆ.

ನಿಮಗೆ ಬೇಕಾದದ್ದು ಮೂರು. ತಿಂಗಳುಗಟ್ಟಲೆ ಸಮಯ. ಬೇರೆಯವರ ಕಿವಿಗೆ ಬೀಳದಂತೆ ಇಬ್ಬರೇ ಕುಳಿತು ಮಾತನಾಡುವ ಅವಕಾಶ. ಮತ್ತು ಮನೆಯ ಉಳಿದವರ ನಡುವೆ ಒಂದು ಒಪ್ಪಂದ. ನೀವು ನಿಧಾನವಾಗಿ ಕಟ್ಟಿದ ವಿಶ್ವಾಸವನ್ನು ಇನ್ನೊಬ್ಬರು ಊಟದ ಹೊತ್ತಿನಲ್ಲಿ "ಶುರುವಾಯಿತಾ ನಿಮ್ಮ ಪುರಾಣ" ಎಂದು ನಕ್ಕು ಒಂದೇ ಗಳಿಗೆಯಲ್ಲಿ ಕೆಡಿಸಿಬಿಡಬಹುದು.

1. ಎಷ್ಟು ಆಳಕ್ಕೆ ಇಳಿದಿದ್ದಾರೆ ಎಂದು ಗುರುತಿಸಿ

ಒಂದು ವಿಡಿಯೊ ನೋಡಿ ರಾತ್ರಿ ಬೆಳಗಾಗುವುದರೊಳಗೆ ಯಾರೂ ಬದಲಾಗುವುದಿಲ್ಲ. ಸಾಮಾನ್ಯವಾಗಿ ಮೊದಲು ಬರುವುದು ಕಳವಳ: ಕೆಲಸ ಹೋಗಿರುತ್ತದೆ, ಹತ್ತಿರದವರೊಬ್ಬರು ತೀರಿಕೊಂಡಿರುತ್ತಾರೆ, ಕಾಯಿಲೆಗೆ ಸರಿಯಾದ ಉತ್ತರ ಸಿಕ್ಕಿರುವುದಿಲ್ಲ, ನಂಬಿದ ಸಂಸ್ಥೆಯೊಂದು ಕೈಬಿಟ್ಟಿರುತ್ತದೆ. ಜೆನಿಫರ್ ವಿಟ್ಸನ್ ಮತ್ತು ಆಡಮ್ ಗಲಿನ್‌ಸ್ಕಿ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪರಿಸ್ಥಿತಿ ತಮ್ಮ ಹಿಡಿತದಲ್ಲಿಲ್ಲ ಎಂಬ ಭಾವನೆಗೆ ಒಳಗಾದವರಿಗೆ ಬರಿಯ ಚುಕ್ಕೆಗಳಲ್ಲೂ ಇಲ್ಲದ ಆಕೃತಿಗಳು ಹೆಚ್ಚಾಗಿ ಕಂಡವು. ಸಂಬಂಧವಿಲ್ಲದ ಘಟನೆಗಳ ಹಿಂದೆ ಸಂಚು ಕೂಡ ಹೆಚ್ಚಾಗಿ ಕಂಡಿತು. ಇದು ದಡ್ಡತನದ ಲಕ್ಷಣವಲ್ಲ. ಹಿಡಿತ ತಪ್ಪಿದಾಗ ಎಲ್ಲರ ಮನಸ್ಸೂ ಕಾರಣ ಹುಡುಕುತ್ತದೆ.

ಆಮೇಲೆ ಹುಡುಕಾಟ. ಒಳಬಳಗದವರು ಹುಟ್ಟುಹಾಕಿದ ವಿಚಿತ್ರ ಪದವೊಂದು ಕಿವಿಗೆ ಬೀಳುತ್ತದೆ, ಅದನ್ನೇ ಸರ್ಚ್‌ಗೆ ಹಾಕುತ್ತಾರೆ. ಆ ಪದವನ್ನು ಬಳಸುವವರು ಆ ಬಳಗದವರು ಮಾತ್ರ. ಆದ್ದರಿಂದ ಸಿಗುವ ಪುಟಗಳೂ ಅವರವೇ. ಬಲ್ಲವರು ಇದನ್ನು ಡೇಟಾ ವಾಯ್ಡ್ ಎನ್ನುತ್ತಾರೆ, ಅಂದರೆ ವಿಶ್ವಾಸಾರ್ಹ ಬರಹಗಳೇ ಇಲ್ಲದ ಖಾಲಿ ಜಾಗ. "ನಾನೇ ಸ್ವತಃ ಹುಡುಕಿ ನೋಡಿದೆ" ಎಂದು ಅವರು ಹೇಳುವುದು ಸುಳ್ಳಲ್ಲ. ಹುಡುಕಿದ್ದಾರೆ, ಆದರೆ ಬೇರೆಯವರು ಬೇಲಿ ಹಾಕಿಟ್ಟ ಜಾಗದಲ್ಲಿ. ಇದರ ಜೊತೆಗೆ ಅಲ್ಗಾರಿದಮ್, ಅಂದರೆ ಮುಂದೆ ಏನು ತೋರಿಸಬೇಕೆಂದು ನಿರ್ಧರಿಸುವ ಕಂಪ್ಯೂಟರ್ ಸೂತ್ರ, ಒಮ್ಮೆ ನೋಡಿದ್ದನ್ನೇ ಹೋಲುವ ಹತ್ತನ್ನು ಮುಂದಿಡುತ್ತದೆ. ಒಂದೇ ಮಾತನ್ನು ಪದೇ ಪದೇ ಕೇಳಿದರೆ ಅದು ಹೆಚ್ಚು ನಿಜವೆನಿಸುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ.

ಮೂರನೆಯದು ಬಳಗ. ಇಲ್ಲಿಯೇ ಹೆಚ್ಚಿನವರು ಸಿಕ್ಕಿಬೀಳುವುದು, ಆದ್ದರಿಂದ ಸ್ವಲ್ಪ ಹತ್ತಿರದಿಂದ ನೋಡೋಣ. 2017ರ ಅಕ್ಟೋಬರ್ 28ರಂದು ಫೋರ್‌ಚಾನ್ ಎಂಬ ತಾಣದಲ್ಲಿ ಅನಾಮಧೇಯನೊಬ್ಬ ಬರೆಯತೊಡಗಿದ. ಮುಂದೆ 'ಕ್ಯೂ' ಎಂದು ಕರೆದುಕೊಂಡು, ತಾನು ಅಮೆರಿಕ ಸರ್ಕಾರದ ಒಳಗಿನವನೆಂದು ಹೇಳಿಕೊಂಡ. ಹಿಲರಿ ಕ್ಲಿಂಟನ್ ಅಕ್ಟೋಬರ್ 30ರಂದು ಬಂಧನಕ್ಕೊಳಗಾಗುತ್ತಾರೆ ಎಂಬುದು ಆ ಮೊದಲ ಬರಹಗಳ ಭವಿಷ್ಯ. ಬಂಧನ ಆಗಲಿಲ್ಲ. ಹೇಳಿದ ಮೊದಲ ಮಾತೇ ಎರಡು ದಿನದಲ್ಲಿ ಸುಳ್ಳಾದರೂ, ಜಗತ್ತನ್ನು ದುಷ್ಟರ ಗುಪ್ತಕೂಟವೊಂದು ಆಡಿಸುತ್ತಿದೆ ಎನ್ನುವ ಕ್ಯೂಅನಾನ್ ಎಂಬ ಆ ಆಂದೋಲನ ಮೂರು ವರ್ಷಗಳಲ್ಲಿ ದೇಶದಿಂದ ದೇಶಕ್ಕೆ ಹಬ್ಬಿತು. ಹೇಗೆ? ಆ ಬರಹಗಳಲ್ಲಿ ಹೇಳಿಕೆಗಿಂತ ಪ್ರಶ್ನೆಗಳೇ ಹೆಚ್ಚಿದ್ದವು: ತುಂಡು ವಾಕ್ಯಗಳು, ಅಂಕಿಗಳು, ಅರ್ಧ ಹೆಸರುಗಳು. ಅವುಗಳನ್ನು ಜೋಡಿಸಿ ಅರ್ಥ ಹೊರಡಿಸುವ ಕೆಲಸ ಓದುವವರದು. ಒಗಟು ಬಿಡಿಸಿದವನಿಗೆ ಮೆಚ್ಚುಗೆ, ಗೆಳೆತನ, ಮಧ್ಯರಾತ್ರಿಯಲ್ಲೂ ಉತ್ತರಿಸುವ ಜನ. ಬೇರೆಯವರು ಹೇಳಿದ್ದನ್ನು ಬಿಟ್ಟುಕೊಡುವುದು ಸುಲಭ. ತಾನೇ ಕಷ್ಟಪಟ್ಟು ಕಂಡುಹಿಡಿದೆ ಎಂದುಕೊಂಡದ್ದನ್ನು ಯಾರೂ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಕೊನೆಯದು ಗುರುತು. "ನಾನು ಇದನ್ನು ನಂಬುತ್ತೇನೆ" ಎನ್ನುವುದು ಹೋಗಿ "ನಾನು ಎಚ್ಚೆತ್ತವನು, ಉಳಿದವರು ಕುರಿಗಳು" ಎನ್ನುವುದು ಬರುತ್ತದೆ. ಇಲ್ಲಿ ಬೇರೆ ಬೇರೆ ಕಥೆಗಳು ಒಂದಾಗುತ್ತವೆ, ಪರಸ್ಪರ ಒಪ್ಪದಿದ್ದರೂ ಸರಿ. ರಾಜಕುಮಾರಿ ಡಯಾನಾ ಕೊಲೆಯಾದರು ಎಂದು ಹೆಚ್ಚು ನಂಬಿದವರೇ, ಆಕೆ ಸತ್ತಂತೆ ನಟಿಸಿ ತಪ್ಪಿಸಿಕೊಂಡರು ಎಂಬುದನ್ನೂ ಹೆಚ್ಚು ನಂಬಲು ಸಿದ್ಧರಿದ್ದರು ಎಂದು ಬ್ರಿಟನ್ನಿನ ಕೆಂಟ್ ವಿಶ್ವವಿದ್ಯಾಲಯದವರ 2012ರ ಅಧ್ಯಯನ ಹೇಳುತ್ತದೆ. ಅಲ್ಲಿ ಉಳಿಯುವ ಗಟ್ಟಿ ನಂಬಿಕೆ ಒಂದೇ: ನಮಗೆ ಹೇಳಿದ್ದು ಸುಳ್ಳು.

ನಿಮ್ಮವರು ಎಲ್ಲಿದ್ದಾರೆ? "ಇದು ನಿಜವಿರಬಹುದಾ?" ಎಂದು ಕೇಳುತ್ತಿದ್ದರೆ ಇನ್ನೂ ಕಳವಳ ಅಥವಾ ಹುಡುಕಾಟದಲ್ಲಿದ್ದಾರೆ, ಈ ಲೇಖನದ ನಾಲ್ಕನೆಯ ಹಂತದ ಪರಿಶೀಲನೆಯೇ ಸಾಕಾಗಬಹುದು. ಹಳೆಯ ಗೆಳೆಯರ ಹೆಸರು ಮಾತಿನಲ್ಲಿ ಬರುವುದು ನಿಂತು, ನಿಮಗೆ ಗೊತ್ತಿಲ್ಲದ ಹೆಸರುಗಳು ಬರತೊಡಗಿದ್ದರೆ ಬಳಗಕ್ಕೆ ಸೇರಿಯಾಗಿದೆ. ಅಂಥವರಿಗೆ ಸತ್ಯಾಂಶಗಳ ಪಟ್ಟಿ ಕಳುಹಿಸಿ ಪ್ರಯೋಜನವಿಲ್ಲ.

2. ಆ ಕಥೆ ಅವರಿಗೆ ಏನು ಕೊಡುತ್ತಿದೆ ಎಂದು ತಿಳಿಯಿರಿ

ಇದು ಚಿಕ್ಕ ಹಂತ, ಆದರೆ ಬಿಡಬೇಡಿ. ಇದೆಲ್ಲ ಯಾವಾಗ ಶುರುವಾಯಿತು, ಆ ಹೊತ್ತಿಗೆ ಅವರ ಬದುಕಿನಲ್ಲಿ ಏನಾಗುತ್ತಿತ್ತು ಎಂದು ನೆನಪಿಸಿಕೊಂಡು ಬರೆದಿಡಿ. ನಿವೃತ್ತಿಯ ನಂತರ ಯಾರೂ ಸಲಹೆ ಕೇಳದಿದ್ದವರಿಗೆ ಅಲ್ಲಿ ಮರ್ಯಾದೆ ಸಿಗುತ್ತಿರಬಹುದು. ಮಗುವಿನ ಆರೋಗ್ಯದ ಬಗ್ಗೆ ಹೆದರಿದ ತಾಯಿಗೆ ಅಲ್ಲಿ ಯಾರೋ ಕೊನೆಗೂ ಕಿವಿಗೊಟ್ಟಿರಬಹುದು. ಆ ಕೊರತೆಯನ್ನು ನೀವು ತುಂಬದೆ ಕಥೆಯನ್ನಷ್ಟೇ ಕಿತ್ತುಹಾಕಲು ಹೋದರೆ, ಅದರ ಜಾಗಕ್ಕೆ ಇನ್ನೊಂದು ಕಥೆ ಬರುತ್ತದೆ.

3. ವಾದ ಬಿಟ್ಟು ಪ್ರಶ್ನೆ ಕೇಳಿ

ಅಪ್ಪ ಒಂದು ವಿಡಿಯೊ ತೋರಿಸಿದ್ದಾರೆ ಎಂದುಕೊಳ್ಳೋಣ. ಮಗಳು "ಇದೆಲ್ಲ ಸುಳ್ಳು" ಎಂದರೆ ಮಾತು ಅಲ್ಲಿಗೇ ಮುಗಿಯಿತು. ಅದರ ಬದಲು ಹೀಗೆ ಸಾಗಬಹುದು:

"ಅಪ್ಪಾ, ಇದರಲ್ಲಿ ನಿಮಗೆ ಬಹಳ ನಿಜ ಅನ್ನಿಸಿದ್ದು ಯಾವುದು?"

"ಆ ಡಾಕ್ಟರ್ ಹೇಳಿದ್ದು. ಇಪ್ಪತ್ತು ವರ್ಷ ಅನುಭವ ಇರುವವರು ಯಾಕೆ ಸುಳ್ಳು ಹೇಳುತ್ತಾರೆ?"

"ಅನುಭವ ಇರುವವರ ಮಾತಿಗೆ ಬೆಲೆ ಕೊಡಬೇಕು, ಒಪ್ಪುತ್ತೇನೆ. ಅಷ್ಟೇ ಅನುಭವ ಇರುವ ಇನ್ನೊಬ್ಬ ಡಾಕ್ಟರ್ ಇದು ತಪ್ಪು ಎಂದರೆ, ಇಬ್ಬರಲ್ಲಿ ಯಾರನ್ನು ನಂಬಬೇಕು ಅಂತ ನೀವು ಹೇಗೆ ತೀರ್ಮಾನ ಮಾಡುತ್ತೀರಿ?"

"ಅವರಿಗೆ ಕಂಪನಿಗಳಿಂದ ದುಡ್ಡು ಬರುತ್ತದೆ."

"ಸರಿ, ದುಡ್ಡು ಎಲ್ಲಿಂದ ಬರುತ್ತದೆ ಅಂತ ನೋಡುವುದು ಒಳ್ಳೆಯ ಪರೀಕ್ಷೆ. ಇವರಿಗೂ ಅದೇ ಪರೀಕ್ಷೆ ಮಾಡೋಣವಾ? ವಿಡಿಯೊದ ಕೊನೆಯಲ್ಲಿ ಏನೋ ಮಾರುತ್ತಿದ್ದರಲ್ಲ."

ಮಗಳು ಇಲ್ಲಿ ಗೆಲ್ಲಲು ಹೊರಟಿಲ್ಲ. ಅಪ್ಪನೇ ಒಪ್ಪುವ ಅಳತೆಗೋಲನ್ನು ಎರಡೂ ಕಡೆಗೆ ಹಿಡಿಯಲು ಕೇಳುತ್ತಿದ್ದಾಳೆ. ಇಷ್ಟಕ್ಕೇ ನಿಲ್ಲಿಸಿ. ಯೋಚಿಸಲು ಒಂದು ಪ್ರಶ್ನೆ ಉಳಿದರೆ ಆ ದಿನದ ಮಟ್ಟಿಗೆ ಅದು ಧಾರಾಳ.

ಸಾಮಾನ್ಯವಾಗಿ ಆಗುವ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರೆದುರು ತಿದ್ದಬೇಡಿ. ಹತ್ತು ಜನರ ಮುಂದೆ ಮುಖ ಉಳಿಸಿಕೊಳ್ಳಲು ಮನುಷ್ಯ ತನಗೇ ಅನುಮಾನವಿದ್ದದ್ದನ್ನೂ ಗಟ್ಟಿಯಾಗಿ ಸಮರ್ಥಿಸುತ್ತಾನೆ. ಕಳುಹಿಸಿದವರಿಗೇ ಬೇರೆಯಾಗಿ ಬರೆಯಿರಿ. ಒಂದು ವಿಷಯ ಮುಗಿಯುವ ಮುನ್ನ ಅವರು ಇನ್ನೊಂದಕ್ಕೆ ಹಾರಿದರೆ ಬೆನ್ನು ಹತ್ತಬೇಡಿ. "ಅದನ್ನೂ ನೋಡೋಣ, ಮೊದಲು ಇದನ್ನು ಮುಗಿಸೋಣ" ಎನ್ನಿ. "ಹುಚ್ಚು", "ಮೂರ್ಖತನ" ಎಂಬ ಮಾತುಗಳು ಬಾಯಿಗೇ ಬರಬಾರದು.

ಹಾಗೆಂದು ಸತ್ಯಾಂಶ ಹೇಳಿದರೆ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ ಎಂದು ಹೆದರಿ ಬಾಯಿ ಮುಚ್ಚಿಕೊಳ್ಳುವುದೂ ಬೇಡ. ಆ ಹೆದರಿಕೆ ಒಂದು ಕಾಲದಲ್ಲಿ ಬಹಳ ಪ್ರಚಾರದಲ್ಲಿತ್ತು. 2019ರಲ್ಲಿ ಪ್ರಕಟವಾದ, ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡ ಪ್ರಯೋಗಗಳಲ್ಲಿ ಅದಕ್ಕೆ ಆಧಾರ ಸಿಗಲಿಲ್ಲ. ಸತ್ಯಾಂಶ ಕೆಲಸ ಮಾಡುತ್ತದೆ, ಆದರೆ ಅದು ಅವರ ಮನಸ್ಸಿನಲ್ಲಿರುವ ನಿರ್ದಿಷ್ಟ ಕಾರಣಕ್ಕೆ ಉತ್ತರವಾಗಿರಬೇಕು. 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಜನ ತಾವು ನಂಬಿದ ಸಂಚಿಗೆ ತಮ್ಮದೇ ಕಾರಣಗಳನ್ನು ಬರೆದರು. ಕೃತಕ ಬುದ್ಧಿಮತ್ತೆಯ ಒಂದು ವ್ಯವಸ್ಥೆ ಆ ಕಾರಣಗಳಿಗೇ ತಾಳ್ಮೆಯಿಂದ ಉತ್ತರ ಕೊಟ್ಟಿತು. ನಂಬಿಕೆಯ ಮಟ್ಟ ಸರಾಸರಿ ಶೇ 20ರಷ್ಟು ಇಳಿಯಿತು, ಎರಡು ತಿಂಗಳ ನಂತರವೂ ಮೇಲೇರಲಿಲ್ಲ. ಆದ್ದರಿಂದಲೇ "ಯಾವುದು ನಿಜ ಅನ್ನಿಸಿತು" ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕು.

4. ಒಟ್ಟಿಗೆ ಕುಳಿತು ಪರಿಶೀಲಿಸಿ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಅವರೂ ಒಪ್ಪುತ್ತಾರೆ. ಅದನ್ನು ಮಾಡುವ ವಿಧಾನ ಹೀಗಿದೆ.

ಒಂದು ಪುಟ ನಂಬಿಕೆಗೆ ಅರ್ಹವೇ ಎಂದು ತಿಳಿಯಲು ಆ ಪುಟವನ್ನೇ ಮೇಲಿಂದ ಕೆಳಗೆ ಓದಬೇಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅವರು ಇತಿಹಾಸದ ಪಿಎಚ್‌.ಡಿ. ಪಡೆದ ಹತ್ತು ಮಂದಿ, ವೃತ್ತಿಪರ ಫ್ಯಾಕ್ಟ್‌ಚೆಕರ್‌ಗಳು, ಅಂದರೆ ಸುದ್ದಿಯ ಸತ್ಯಾಸತ್ಯತೆ ಪರೀಕ್ಷಿಸುವವರು, ಹತ್ತು ಮಂದಿ ಹಾಗೂ 25 ವಿದ್ಯಾರ್ಥಿಗಳಿಗೆ ಜಾಲತಾಣಗಳನ್ನು ಅಳೆಯಲು ಕೊಟ್ಟರು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಚೆಂದದ ಲೋಗೊ, ಗಂಭೀರ ಭಾಷೆ ನೋಡಿ ಹಲವು ಬಾರಿ ಮೋಸಹೋದರು. ಫ್ಯಾಕ್ಟ್‌ಚೆಕರ್‌ಗಳು ಮಾತ್ರ ಪುಟವನ್ನು ತೆರೆದ ಕ್ಷಣಗಳಲ್ಲೇ ಅದನ್ನು ಬಿಟ್ಟು, ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು, ಈ ಸಂಸ್ಥೆಯ ಬಗ್ಗೆ ಉಳಿದವರು ಏನು ಹೇಳುತ್ತಾರೆ ಎಂದು ನೋಡಿದರು. ಸರಿಯಾದ ಉತ್ತರಕ್ಕೆ ಬೇಗ ತಲುಪಿದವರು ಅವರೇ. ನೀವೂ ಅದನ್ನೇ ಮಾಡಿ.

ಚಿತ್ರವಾದರೆ ರಿವರ್ಸ್ ಇಮೇಜ್ ಸರ್ಚ್ ಬಳಸಿ. ಪದದ ಬದಲು ಚಿತ್ರವನ್ನೇ ಕೊಟ್ಟು, ಅದು ಬೇರೆಲ್ಲಿ ಬಂದಿದೆ ಎಂದು ಹುಡುಕುವ ಸೌಲಭ್ಯ ಇದು. ಗೂಗಲ್ ಲೆನ್ಸ್‌ನಲ್ಲಿ ಸಿಗುತ್ತದೆ. 'ಇಂದಿನ ಘಟನೆ' ಎಂದು ಬಂದ ಚಿತ್ರ ಹಲವು ವರ್ಷ ಹಳೆಯದು, ಬೇರೊಂದು ದೇಶದ್ದು ಎಂದು ಅವರ ಕೈಯಲ್ಲೇ ಕಂಡುಹಿಡಿಸಿದರೆ, ನೀವು ಹೇಳುವ ನೂರು ಮಾತಿಗಿಂತ ಅದು ಹೆಚ್ಚು ನಾಟುತ್ತದೆ. ವಾಟ್ಸ್‌ಆ್ಯಪ್ ಸಂದೇಶದ ಮೇಲೆ ಜೋಡಿ ಬಾಣದ ಗುರುತು ಇದ್ದರೆ, ಅದು ಮೂಲ ಕಳುಹಿಸಿದವರಿಂದ ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. "ನನ್ನ ಪರಿಚಯದವರೇ ಬರೆದಿದ್ದಾರೆ" ಎಂಬ ಸಾಲು ಅದರೊಳಗಿದ್ದರೆ ಯಾರ ಪರಿಚಯ ಎಂದು ಕೇಳಿ.

ಹುಡುಕುವಾಗ ಅವರ ಒಳಬಳಗದ ಪದವನ್ನು ಹಾಕಬೇಡಿ. ಡೇಟಾ ವಾಯ್ಡ್‌ಗೆ ನೀವೇ ಇಳಿದಂತಾಗುತ್ತದೆ. ಘಟನೆ, ಊರು, ವರ್ಷ ಹೀಗೆ ಸಾಮಾನ್ಯ ಪದಗಳನ್ನು ಹಾಕಿ. ಮತ್ತು ಪರಿಶೀಲಿಸಿದಾಗ ಅವರು ಹೇಳಿದ್ದೇ ಸರಿ ಎಂದು ಕಂಡರೆ ತಕ್ಷಣ, ಮನಸಾರೆ ಒಪ್ಪಿಕೊಳ್ಳಿ.

5. ಫೋನನ್ನು ಹದಕ್ಕೆ ತನ್ನಿ, ಅವರ ಒಪ್ಪಿಗೆಯಿಂದ

ಕದ್ದು ಫೋನ್ ತೆಗೆದು ಚಾನೆಲ್‌ಗಳನ್ನು ಅಳಿಸಬೇಡಿ. ಗೊತ್ತಾದ ದಿನ "ನನ್ನ ಮೇಲೆ ಸಂಚು" ಎಂಬುದಕ್ಕೆ ನೀವೇ ಪುರಾವೆ ಕೊಟ್ಟಂತಾಗುತ್ತದೆ. "ಒಂದೇ ಥರದ್ದು ಬರುತ್ತಿದೆ, ಸ್ವಲ್ಪ ಬದಲಿಸೋಣವಾ?" ಎಂದು ಕೇಳಿ. ಒಪ್ಪಿದರೆ ಯೂಟ್ಯೂಬ್‌ನಲ್ಲಿ ನೋಡಿದ ವಿಡಿಯೊಗಳ ಇತಿಹಾಸವನ್ನು ಅಳಿಸಿ, ತಾನಾಗಿ ಮುಂದಿನ ವಿಡಿಯೊ ಶುರುವಾಗುವ ಆಟೊಪ್ಲೇ ನಿಲ್ಲಿಸಿ, ಬೇಡದ ಚಾನೆಲ್‌ಗೆ 'ಶಿಫಾರಸು ಮಾಡಬೇಡ' ಎಂಬ ಆಯ್ಕೆ ಒತ್ತಿ. ಆಮೇಲೆ ಅವರಿಗೆ ಹಿಂದೆ ಇಷ್ಟವಿದ್ದ ಸಂಗೀತವೋ ಆಟವೋ ಕೈದೋಟವೋ ಹುಡುಕಿ ಕೆಲವು ವಿಡಿಯೊ ನೋಡಿ. ದಿನ ಕಳೆದಂತೆ ಪರದೆಯ ಮೇಲೆ ಬರುವುದು ಬದಲಾಗುತ್ತದೆ.

ಟೆಲಿಗ್ರಾಂ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹೀಗೆ ಮಾಡಲಾಗದು; ಅಲ್ಲಿ ಸಂದೇಶ ಕಳುಹಿಸುವವರು ಮನುಷ್ಯರು. ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಡಿದ 1.26 ಲಕ್ಷ ಸುದ್ದಿಗಳನ್ನು ಪರಿಶೀಲಿಸಿದ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು, ನಿಜ ಸುದ್ದಿಗಿಂತ ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ಶೇ 70ರಷ್ಟು ಹೆಚ್ಚು ಎಂದು ಕಂಡರು. ಯಾಂತ್ರಿಕ ಖಾತೆಗಳನ್ನು ಲೆಕ್ಕದಿಂದ ತೆಗೆದರೂ ಫಲಿತಾಂಶ ಬದಲಾಗಲಿಲ್ಲ. ಹೊಸತನ, ಬೆರಗು, ಅಸಹ್ಯ ಜನರ ಕೈಯಿಂದಲೇ ಹಂಚಿಸುತ್ತವೆ. ಗುಂಪು ಬಿಡಿ ಎನ್ನುವ ಮೊದಲು ಅದನ್ನು ಮ್ಯೂಟ್ ಮಾಡಲು ಕೇಳಿ. ಸದ್ದು ನಿಂತರೂ ದಿನದ ಸ್ವರೂಪ ಬದಲಾಗುತ್ತದೆ.

6. ಹೇಳಿದ ದಿನ ಬಂದು ಹೋದಾಗ ಹತ್ತಿರವಿರಿ

ಇಂಥ ಆಂದೋಲನಗಳು ದಿನಾಂಕ ಕೊಡುತ್ತವೆ. 2021ರ ಜನವರಿ 20ರಂದು ಜೋ ಬೈಡನ್ ಪ್ರಮಾಣವಚನ ಸ್ವೀಕರಿಸುವುದೇ ಇಲ್ಲ, ಸಾಮೂಹಿಕ ಬಂಧನಗಳಾಗುತ್ತವೆ ಎಂದು ಕ್ಯೂಅನಾನ್ ಅನುಯಾಯಿಗಳು ಕಾದಿದ್ದರು. ಸಮಾರಂಭ ಮುಗಿಯಿತು. ಕೆಲವರು ಅಂದೇ ಹೊರಬಂದರು, ಉಳಿದವರಿಗೆ ಮಾರ್ಚ್ 4 ಎಂಬ ಹೊಸ ದಿನಾಂಕ ಸಿಕ್ಕಿತು. ಈ ಎರಡರ ನಡುವಿನ ದಿನಗಳು ನಿಮ್ಮವು. ನಿಮ್ಮವರು ನಂಬಿರುವ ದಿನಾಂಕವನ್ನು ಮೊದಲೇ, ಅವರೆದುರೇ ಬರೆದಿಟ್ಟುಕೊಳ್ಳಿ: "ಆ ದಿನ ಇದು ಆಗದಿದ್ದರೆ ನೀವು ಏನೆಂದುಕೊಳ್ಳುತ್ತೀರಿ?" ಆ ದಿನ ಕಳೆದ ಮೇಲೆ ಬರಹವನ್ನು ಮುಖಕ್ಕೆ ಹಿಡಿಯಬೇಡಿ. ಫೋನ್ ಮಾಡಿ, ಭೇಟಿಯಾಗಿ, ಬೇರೆ ಮಾತಾಡಿ. ಅವರೇ ಎತ್ತಿದರೆ ಆಗ ಕೇಳಿಸಿಕೊಳ್ಳಿ.

7. ಎಲ್ಲಿ ಕಾಯಬಾರದು

ಮೇಲಿನ ತಾಳ್ಮೆಯೆಲ್ಲ ಮೂರು ಸಂದರ್ಭಗಳಲ್ಲಿ ಅನ್ವಯಿಸುವುದಿಲ್ಲ. ವೈದ್ಯರು ಕೊಟ್ಟ ಔಷಧ ನಿಲ್ಲಿಸಿದಾಗ, ಅಥವಾ ಮಗುವಿನ ಚಿಕಿತ್ಸೆ ತಡೆದಾಗ: ಅವರು ನಂಬುವ ವೈದ್ಯರೊಬ್ಬರನ್ನು ಕೂಡಲೇ ಮಾತಿಗೆ ತನ್ನಿ. ಉಳಿತಾಯದ ಹಣ ಆ ಬಳಗದವರ ಕೈಗೆ ಹೋಗತೊಡಗಿದಾಗ: ಜಂಟಿ ಖಾತೆ, ಸಾಲ, ಆಸ್ತಿಪತ್ರಗಳ ಬಗ್ಗೆ ಕುಟುಂಬ ಒಟ್ಟಾಗಿ ನಿರ್ಧರಿಸಬೇಕು.

ಮೂರನೆಯದು ಹಿಂಸೆ. 2016ರ ಡಿಸೆಂಬರ್ 4ರಂದು 28 ವರ್ಷದ ಯುವಕನೊಬ್ಬ ವಾಷಿಂಗ್ಟನ್ನಿನ ಪಿಜ್ಜಾ ಅಂಗಡಿಯೊಂದಕ್ಕೆ ರೈಫಲ್ ಹಿಡಿದು ನುಗ್ಗಿದ. ಅಲ್ಲಿ ಮಕ್ಕಳನ್ನು ಕೂಡಿಹಾಕಿದ್ದಾರೆ ಎಂಬ ಕಥೆಯನ್ನು ನಂಬಿ ಅವರನ್ನು ಬಿಡಿಸಲು ಬಂದಿದ್ದ. ಅಂಗಡಿಯೊಳಗೆ ಗುಂಡು ಹಾರಿಸಿದ. ಮಕ್ಕಳು ಇರಲಿಲ್ಲ, ಕಥೆಯಲ್ಲಿ ಹೇಳಿದ ನೆಲಮಾಳಿಗೆಯೂ ಆ ಕಟ್ಟಡಕ್ಕೆ ಇರಲಿಲ್ಲ. ಯಾರೂ ಗಾಯಗೊಳ್ಳಲಿಲ್ಲ. ಅವನಿಗೆ ನಾಲ್ಕು ವರ್ಷ ಜೈಲಾಯಿತು. 2020ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ, ಕೊರೊನಾಗೆ 5ಜಿ ಕಾರಣ ಎಂದು ನಂಬಿದವರು ಮೊಬೈಲ್ ಗೋಪುರಗಳಿಗೆ ಬೆಂಕಿ ಇಟ್ಟರು. "ಯಾರಾದರೂ ಏನಾದರೂ ಮಾಡಲೇಬೇಕು" ಎಂಬ ಮಾತು "ನಾನೇ ಮಾಡುತ್ತೇನೆ" ಎಂದಾದರೆ, ನಿರ್ದಿಷ್ಟ ವ್ಯಕ್ತಿ ಅಥವಾ ಸ್ಥಳದ ಹೆಸರು ಬಂದರೆ, ಆಯುಧದ ಮಾತು ಬಂದರೆ, ಪೊಲೀಸರಿಗೆ ತಿಳಿಸಿ. ಯಾರೋ ಹಿಂಬಾಲಿಸುತ್ತಿದ್ದಾರೆ, ಟಿವಿಯಲ್ಲಿ ತನಗೇ ಸಂಕೇತ ಬರುತ್ತಿದೆ ಎಂಬ ಮಾತುಗಳು, ನಿದ್ದೆಯಿಲ್ಲದಿರುವುದು ಜೊತೆಗೂಡಿದರೆ ಅದು ಪಿತೂರಿ ಸಿದ್ಧಾಂತವಲ್ಲದೆ ಕಾಯಿಲೆಯಾಗಿರಬಹುದು, ಮನೋವೈದ್ಯರನ್ನು ಕಾಣಿಸಿ.

8. ಹಿಂದಿರುಗಿದವರಿಗೆ ದಾರಿ ಬಿಡಿ

ಹೊರಬರುವುದು ಘೋಷಣೆಯಾಗಿ ಬರುವುದಿಲ್ಲ. ಆ ವಿಷಯದ ಸಂದೇಶಗಳು ಕಡಿಮೆಯಾಗುತ್ತವೆ. "ಎಲ್ಲವೂ ನಿಜ ಅಂತ ನಾನು ಹೇಳಿಲ್ಲ" ಎಂಬ ಸಾಲು ಕೇಳಿಸುತ್ತದೆ. ಆಗ "ಅಂದೇ ಹೇಳಿರಲಿಲ್ಲವೇ" ಎನ್ನಬೇಡಿ, ತಪ್ಪೊಪ್ಪಿಗೆ ಕೇಳಬೇಡಿ, ನೆಂಟರಿಗೆ ಸುದ್ದಿ ಮುಟ್ಟಿಸಬೇಡಿ. ಅವರು ಒಂದು ನಂಬಿಕೆಯ ಜೊತೆಗೆ ನೂರಾರು ಗೆಳೆಯರನ್ನೂ ಕಳೆದುಕೊಳ್ಳುತ್ತಿದ್ದಾರೆ, ಮತ್ತು ಜಗಳವಾಡಿದ ಮಂದಿಯ ಮುಖ ನೋಡಲು ನಾಚಿಕೆ ಪಡುತ್ತಿದ್ದಾರೆ. ಮೊದಲ ವಾರಗಳಲ್ಲಿ ಸಂಜೆಯ ಹೊತ್ತು ಬಹಳ ಕಷ್ಟ, ಏಕೆಂದರೆ ಗುಂಪಿನ ಮಾತುಕತೆ ಬಿರುಸಾಗಿ ನಡೆಯುತ್ತಿದ್ದ ಹೊತ್ತು ಅದೇ. ಆ ಹೊತ್ತಿಗೆ ಅವರ ಸಹಾಯ ನಿಜವಾಗಿ ಬೇಕಾಗುವ ಕೆಲಸವೊಂದನ್ನು ಹುಡುಕಿಡಿ: ಮೊಮ್ಮಗುವಿನ ಲೆಕ್ಕ, ಕೆಟ್ಟ ರೇಡಿಯೊ ರಿಪೇರಿ, ಯಾವುದಾದರೂ ಸರಿ. ಮಾತು ಕಡಿದುಕೊಂಡಿದ್ದ ಹಳೆಯ ಗೆಳೆಯರೊಬ್ಬರಿಗೆ ನೀವೇ ಮುಂಚಿತವಾಗಿ ಫೋನ್ ಮಾಡಿ, ಅವರು ಬಂದರೆ ಹಳೆಯದನ್ನು ಕೆದಕಬೇಡಿ ಎಂದು ಕೇಳಿಕೊಳ್ಳಿ.